ಸ್ಕ್ಯಾನಿಂಗ್ ರೂಮಿನ ಆ ಸಿಸ್ಟರ್‌ಗೆ

ನಿಮ್ಮ ಹೆಸರು ಕೇಳಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

32ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಅಂದಾಜು ತೂಕ 1.4 ಕೆಜಿ ಬಂತು. ರಿಪೋರ್ಟಿನಲ್ಲಿ '10ನೇ ಪರ್ಸೆಂಟೈಲ್‌ಗಿಂತ ಕಡಿಮೆ' ಅಂತ ಇತ್ತು, ಅಂದರೆ ಅದೇ ವಾರದ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ಇಟ್ಟರೆ ಅತಿ ಕಡಿಮೆ ತೂಕದ ಹತ್ತರಲ್ಲಿ ನನ್ನ ಮಗು. ಡಾಕ್ಟರು ಡಾಪ್ಲರ್ ಮಾಡಿಸಿ ಅಂದವರೇ ಹೊರಟುಬಿಟ್ಟರು. ನಾನು ಕಾರಿಡಾರಿನಲ್ಲಿ ಕೂತು ತಿಂಡಿ ಬಿಟ್ಟ ದಿನಗಳು, ಎತ್ತಿದ ಬಕೆಟ್ಟು, ನಿದ್ದೆಗೆಟ್ಟ ರಾತ್ರಿ ಎಲ್ಲವನ್ನೂ ಲೆಕ್ಕ ಹಾಕುತ್ತಾ ಅಳುತ್ತಿದ್ದೆ.

ನೀವು ಕೈಯಲ್ಲಿ ಫೈಲುಗಳ ರಾಶಿ ಹಿಡಿದು ಹೋಗುತ್ತಿದ್ದವರು ನಿಂತಿರಿ. ಏನೂ ಕೇಳದೆ ಪಕ್ಕದಲ್ಲಿ ಕೂತು, ನನ್ನ ರಿಪೋರ್ಟಿನ ಹಿಂಬದಿಯಲ್ಲೇ ಪೆನ್ನಿನಿಂದ ಮಗು, ಮಾಸು, ಹೊಕ್ಕುಳಬಳ್ಳಿ ಬಿಡಿಸಿದಿರಿ. (ಮಗು ದಿಂಬಿನ ತರ ಇತ್ತು, ಹೇಳಲೇಬೇಕು!) ಡಾಪ್ಲರ್ ಅಂದರೆ ಈ ಬಳ್ಳಿಯಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡೋದು ಅಷ್ಟೇ, ನೋವಾಗಲ್ಲ ಅಂದಿರಿ. ಎಷ್ಟೋ ಸಲ ತೊಂದರೆ ಮಾಸಿನಲ್ಲಿರುತ್ತದೆ, "ನೀವು ಒಂದು ಹೊತ್ತು ಊಟ ಬಿಟ್ಟಿದ್ದಕ್ಕೆ ಹೀಗಾಗಿಲ್ಲಮ್ಮಾ" ಅಂದಿರಿ. ಆ ಒಂದು ಮಾತು ಸಾಕಾಯಿತು.

ಒಳಗೆ ಜೆಲ್ ಹಚ್ಚುವ ಮುಂಚೆ ಅದರ ಬಾಟಲಿಯನ್ನು ಎರಡೂ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿದಿರಿ. ಬೆನ್ನಿಗೆ ಬೆಡ್‌ಶೀಟ್ ಮಡಚಿ ಕೊಟ್ಟಿರಿ. ಹರಿವು ಸದ್ಯಕ್ಕೆ ಸರಿಯಿದೆ ಅಂತ ಡಾಕ್ಟರು ಹೇಳಿದಾಗ ನನಗಿಂತ ಮೊದಲು ನೀವೇ ಉಸಿರು ಬಿಟ್ಟಿರಿ, ಅಲ್ವಾ? ನಾನು ನೋಡಿದೆ.

ಆಮೇಲೆ ವಾರ ವಾರ ಡಾಪ್ಲರ್, ದಿನಾ ಮಗು ಒದೆಯುವುದನ್ನು ಗಮನಿಸುವುದು, ಹೀಗೇ ಐದು ವಾರ ಹೋಯಿತು. 37ನೇ ವಾರದಲ್ಲಿ ಹುಟ್ಟಿದಳು, 2.1 ಕೆಜಿ. ಈಗ ಮನೆಯಲ್ಲಿ ಗಲಾಟೆಯೋ ಗಲಾಟೆ.

ನೀವು ಬರೆದ ದಿಂಬು ಇನ್ನೂ ಫೈಲಿನಲ್ಲೇ ಇದೆ. ಥ್ಯಾಂಕ್ಸ್ ಸಿಸ್ಟರ್.