ಬಿಸಿಜಿ ಸೂಜಿಗಿಂತ ಮೊದಲು

ಗದಗ

ಚಿ. ಸೌ. ಪುಟ್ಟಿಗೆ ದೊಡ್ಡವ್ವನ ಆಶೀರ್ವಾದ.

ಕುಬಸ ಚೆಂದ ಆಯಿತು ಅಂತ ನಿನ್ನವ್ವ ಫೋನ್ ಮಾಡಿದ್ದಳು. ಸಂತೋಷ. ಆದರೆ ಹುಬ್ಬಳ್ಳಿಯ ಡಾಕ್ಟರಿಗೆ ಮೊದಲ ಕೂಸಿನ ವಿಷಯ ನೀನು ಹೇಳಿಲ್ಲವಂತೆ. ಯಾಕೆ ಮುಚ್ಚಿಡುತ್ತೀ?

ಆ ಕೂಸಿನ ಬಾಯಿ ಇನ್ನೂ ಕಣ್ಣ ಮುಂದಿದೆ. ನಾಲಿಗೆ ಮೇಲೆ ಬಿಳಿ ಪದರು. ಹಾಲಿನದು ಅಂತ ನಾನೇ ಅರಿವೆಯಿಂದ ಒರೆಸಿದೆ, ಹೋಗಲಿಲ್ಲ. ಎಡ ತೋಳಿಗೆ ಹಾಕಿದ ಬಿಸಿಜಿ, ಅಂದರೆ ಕ್ಷಯದ ಲಸಿಕೆಯ ಗಾಯ ಒಣಗಲಿಲ್ಲ, ಕಂಕುಳಲ್ಲಿ ಗಡ್ಡೆ ಎದ್ದಿತು. 30 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು, ದೃಷ್ಟಿ ಅಂತ ಉಪ್ಪು-ಮೆಣಸಿನಕಾಯಿ ನಿವಾಳಿಸಿದೆ! ರಿಪೋರ್ಟ್ ಬರುವಷ್ಟರಲ್ಲಿ ಕೂಸು ಇರಲಿಲ್ಲ.

ರಿಪೋರ್ಟಿನಲ್ಲಿದ್ದದ್ದು ರ್ಯಾಗ್-1 ಅನ್ನುವ ಜೀನಿನ ದೋಷ. ನೀನು ಕೌದಿ ಹೊಲಿಯುವವಳು, ಬೇಗ ತಿಳಿಯುತ್ತದೆ. ರೋಗದ ಜೊತೆ ಹೋರಾಡುವ ಟಿ ಕೋಶಗಳು ಮೂಳೆಯ ಮಜ್ಜೆಯಿಂದ ಹೊರಟು, ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ತಯಾರಾಗುತ್ತವೆ. ರೋಗಾಣುವಿನ ಗುರುತು ಹಿಡಿಯಲು ಒಂದೊಂದು ಕೋಶಕ್ಕೂ ಒಂದೊಂದು ನಮೂನೆ ಗ್ರಾಹಕ (ರಿಸೆಪ್ಟರ್) ಬೇಕು. ಜೀನಿನ ತುಂಡು ಕತ್ತರಿಸಿ, ಜೋಡಿಸಿ ಅದು ಆಗುತ್ತದೆ, ಥೇಟ್ ಕೌದಿಯ ಹಾಗೆ. ಆ ಕತ್ತರಿಯೇ ರ್ಯಾಗ್. ಕತ್ತರಿ ಕೆಟ್ಟರೆ ಟಿ ಕೋಶವೂ ಇಲ್ಲ, ಪ್ರತಿಕಾಯ ಮಾಡುವ ಬಿ ಕೋಶವೂ ಇಲ್ಲ. ಬಿಸಿಜಿಯಲ್ಲಿರುವುದು ಸೊರಗಿಸಿದ, ಆದರೆ ಜೀವಂತ ರೋಗಾಣು. ಬೇರೆ ಮಕ್ಕಳನ್ನು ಕಾಯುವ ಅದೇ ಸೂಜಿ ನಮ್ಮ ಕೂಸಿಗೆ ರೋಗವಾಯಿತು.

ನಿನ್ನ ಹಾಲಿನ ತಪ್ಪಲ್ಲ ಪುಟ್ಟಿ. ಹೊಲ ಹೊರಗೆ ಹೋಗಬಾರದು ಅಂತ ನನ್ನ ತಮ್ಮನಿಗೇ ನಿನ್ನನ್ನು ತಂದುಕೊಂಡವಳು ನಾನು. ಇಬ್ಬರಲ್ಲೂ ಇರುವುದು ಒಂದೇ ದೋಷ. ನಮ್ಮ ಅಪ್ಪನದೋ ಅವ್ವನದೋ, ಅವನಿಗೆ ನೇರವಾಗಿ ಬಂತು, ನಿನಗೆ ನಿನ್ನವ್ವನ ಮೂಲಕ. ನನ್ನಲ್ಲೂ ಇರಬಹುದು. ದೋಷದ ಒಂದೇ ಪ್ರತಿ ಇದ್ದವರಿಗೆ ಏನೂ ಆಗುವುದಿಲ್ಲ, ಅಪ್ಪ-ಅವ್ವ ಇಬ್ಬರಿಂದಲೂ ಬಂದು ಎರಡಾದರೆ ಮಾತ್ರ ರೋಗ.

ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಭಯ ಇದ್ದೇ ಇದೆ. ‘ಒಂದು ಹೋತಲ್ಲ, ಇನ್ನ ಮೂರು ಚಲೋ ಇರ್ತಾವ’ ಅಂತ ಓಣಿಯವರು ಅಂದರೆ ನಂಬಬೇಡ. ಕವಡೆಗೆ ಹಿಂದಿನ ಆಟ ನೆನಪಿರುತ್ತದಾ?

ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ ಕೊಡುವುದು ವಾಡಿಕೆ. ಜೀನ್ ಪರೀಕ್ಷೆ, ಟಿ ಕೋಶದ ಎಣಿಕೆ ಕೈಗೆ ಬರುವವರೆಗೆ ಎರಡನ್ನೂ ತಡೆಯಿರಿ ಅಂತ ಡಾಕ್ಟರ್ ಹತ್ತಿರ ಈಗಲೇ ಮಾತಾಡು. ದೋಷ ಇದ್ದರೂ ದಾರಿ ಉಂಟು. ಇಂಥ ಮಕ್ಕಳಿಗೆ ಮಜ್ಜೆಯ ಕಸಿ 1968ರಿಂದ ನಡೆದಿದೆ. ಸೋಂಕು ತಾಗುವ ಮೊದಲು, ಮೂರೂವರೆ ತಿಂಗಳೊಳಗೆ ಮಾಡಿದರೆ ಬಹಳಷ್ಟು ಮಕ್ಕಳು ಉಳಿಯುತ್ತವೆ.

ಆ ಹಳೇ ಫೈಲು ಟ್ರಂಕಿನ ತಳದಲ್ಲಿದೆ, ಗೊತ್ತು. ತೆಗೆದು ದವಾಖಾನೆಗೆ ಒಯ್ಯುವ ಚೀಲದಲ್ಲಿ ಸೀರೆಗಿಂತ ಮೊದಲು ಇಡು. ನಿನಗೆ ತೆಗೆಯಲು ಆಗದಿದ್ದರೆ ಬಿಡು, ಸೋಮವಾರದ ಬಸ್ಸಿಗೆ ನಾನೇ ಬರುತ್ತೇನೆ.

ನಿನ್ನ ದೊಡ್ಡವ್ವ