ಮೂರು ಚಿಲಕ ಹಾಕಿಸಿದ ಎಲ್ಲರಿಗೂ

ಕಳೆದ ಗುರುವಾರ ರಾತ್ರಿ ಊಟಕ್ಕೆ ಕೂತಿದ್ದಾಗ ಮೇಲ್ ಬಂತು. ಎರಡೇ ಸಾಲು. ನಿಮ್ಮ ಅಂತಿಮ ವರದಿ ಒಪ್ಪಿಗೆಯಾಗಿದೆ, ಗ್ರ್ಯಾಂಟಿನ ಲೆಕ್ಕ ಮುಗಿದಿದೆ ಅಂತ. ಅನ್ನ ಕಲಸುತ್ತಿದ್ದ ಕೈಯನ್ನು ಹಾಗೇ ಇಟ್ಟುಕೊಂಡು ಎರಡು ಸಲ ಓದಿದೆ. ರೋಟರಿಯ ಸಹಾಯಧನದಲ್ಲಿ ಒಂದು ಸರ್ಕಾರಿ ಶಾಲೆಯ ಶೌಚಾಲಯ ಸರಿ ಮಾಡಿಸೋಕೆ ಎರಡು ವರ್ಷದ ಓಡಾಟ ಇದು. ಒಂದು ಸಲ ಅರ್ಜಿ ತಿರಸ್ಕಾರ ಆಗಿ, ಇನ್ನು ನಮ್ಮ ಕೈಲಿ ಆಗಲ್ಲ ಅಂತ ಕೈ ಚೆಲ್ಲಿದ್ದವರು ನಾವು. ಹಾಗಾಗಿ ಸುಮ್ನೆ ಗ್ರೂಪಿನಲ್ಲಿ ಒಂದು ಕೈಮುಗಿಯೋ ಚಿತ್ರ ಹಾಕಿ ಮುಗಿಸೋಕೆ ಮನಸ್ಸು ಬರಲಿಲ್ಲ. ಯಾರು ಯಾರು ಏನು ಮಾಡಿದರು ಅಂತ ಬರೆದೇ ಹೇಳಬೇಕು ಅನ್ನಿಸಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನ ರೋಟರಿ ಕ್ಲಬ್. ಮೂವತ್ತು ಚಿಲ್ಲರೆ ಸದಸ್ಯರು. ಅಡಿಕೆ ಬೆಳೆಗಾರರು, ಅಂಗಡಿಯವರು, ಇಬ್ಬರು ಡಾಕ್ಟರು, ರಿಟೈರ್ ಆದ ಮೇಷ್ಟ್ರುಗಳು. ನಾನು ಎರಡು ವರ್ಷದಿಂದ ಇದರ ಗ್ರ್ಯಾಂಟ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ರೋಟರಿಯಲ್ಲಿ ದೊಡ್ಡ ಗ್ರ್ಯಾಂಟ್ ಒಂದಿದೆ, ಗ್ಲೋಬಲ್ ಗ್ರ್ಯಾಂಟ್ ಅಂತ. ಅದಕ್ಕೆ ಒಟ್ಟು ಬಜೆಟ್ ಕಡಿಮೆ ಅಂದರೂ 30,000 ಡಾಲರ್ ಇರಬೇಕು, ಬೇರೆ ದೇಶದ ಕ್ಲಬ್ ಜೊತೆಗಿರಬೇಕು. ನಮ್ಮಂಥ ಸಣ್ಣ ಕ್ಲಬ್ಬಿಗೆ ಅದು ದೂರದ ಮಾತು. ನಮಗೆ ಎಟುಕುವುದು ಡಿಸ್ಟ್ರಿಕ್ಟ್ ಗ್ರ್ಯಾಂಟ್. ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ಡಿಸಿ ಆಫೀಸಿನ ಜಿಲ್ಲೆ ಅಲ್ಲ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಉಡುಪಿ ನಾಲ್ಕೂ ಸೇರಿದ ರೋಟರಿ ಜಿಲ್ಲೆ.

ನಮ್ಮ ಊರಿಂದ ಆರು ಕಿಲೋಮೀಟರ್ ದೂರದಲ್ಲಿ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ. ಎರಡು ವರ್ಷದ ಹಿಂದೆ ಅಲ್ಲಿಗೆ ಹೊಸ ಶೌಚಾಲಯ ಕಟ್ಟಿಸಬೇಕು ಅಂತ ನಾವು ಮೀಟಿಂಗಿನಲ್ಲಿ ಕೂತು ತೀರ್ಮಾನ ಮಾಡಿದೆವು. ಟೈಲ್ಸ್ ಹಾಕಿದ್ದು, ಮುಂದೆ ಕ್ಲಬ್ಬಿನ ಹೆಸರಿನ ಬೋರ್ಡು ಇರೋದು. ಹುಮ್ಮಸ್ಸು ಎಷ್ಟಿತ್ತು ಅಂದರೆ ಅರ್ಜಿ ಹಾಕುವ ಮೊದಲೇ ಒಂದು ಲೋಡು ಜಂಬಿಟ್ಟಿಗೆ ಕಲ್ಲು ತಂದು ಇಳಿಸಿ ಗುಂಡಿ ತೋಡಿಸಿದ್ದೆವು. ಅರ್ಜಿ ವಾಪಸ್ ಬಂತು. ಕೆಲಸ ಶುರುವಾದ ಮೇಲೆ ಅದಕ್ಕೆ ಗ್ರ್ಯಾಂಟ್ ಇಲ್ಲ, ಮೊದಲು ಒಪ್ಪಿಗೆ, ಆಮೇಲೆ ಖರ್ಚು. ನಿಯಮ ಬರೆದೇ ಇತ್ತು, ನಾವೇ ಓದಿರಲಿಲ್ಲ. ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು ಪ್ರಶ್ನೆ. ಈ ಅವಶ್ಯಕತೆ ಇದೆ ಅಂತ ನಿಮಗೆ ಹೇಗೆ ಗೊತ್ತಾಯಿತು, ಯಾರನ್ನು ಕೇಳಿದಿರಿ ಅನ್ನೋ ಕಾಲಂ. ಅಲ್ಲಿ ನಾನು ಬರೆದಿದ್ದು ಒಂದೇ ಸಾಲು: ಶಾಲೆಗೆ ಶೌಚಾಲಯದ ಅಗತ್ಯ ಇದೆ. ಯಾರನ್ನೂ ಕೇಳಿರಲಿಲ್ಲ, ಅದಕ್ಕೇ ಬರೆಯೋಕೆ ಏನೂ ಇರಲಿಲ್ಲ.

ಅರ್ಜಿ ವಾಪಸ್ ಕಳಿಸಿದ ರೋಟರಿ ಡಿಸ್ಟ್ರಿಕ್ಟಿನವರಿಗೇ ನನ್ನ ಮೊದಲ ಥ್ಯಾಂಕ್ಸ್. ಆವತ್ತು ಬೇಜಾರಾಗಿತ್ತು, ಫೋನಿನಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿದ್ದೆ, ಅದಕ್ಕೆ ಕ್ಷಮೆ ಇರಲಿ. ಅವರು ಸಿಟ್ಟಾಗಲಿಲ್ಲ. "ಮುಂದಿನ ವರ್ಷ ಹಾಕಿ, ಆದರೆ ಮೊದಲು ಹೋಗಿ ಮಕ್ಕಳನ್ನ ಕೇಳಿ ಮಾರಾಯ್ರೆ" ಅಂದರು.

ಕೇಳೋದು ಹೇಗೆ? ನಾವು ನಾಲ್ಕು ಜನ ಗಂಡಸರು ಹೋಗಿ ನಿಂತರೆ ಆರನೇ ಏಳನೇ ಕ್ಲಾಸಿನ ಹೆಣ್ಣುಮಕ್ಕಳು ಏನು ಮಾತಾಡುತ್ತವೆ? "ಎಲ್ಲ ಚೆನ್ನಾಗಿದೆ ಸಾರ್" ಅಂದು ತಲೆ ತಗ್ಗಿಸಿದವು. ಆಗ ನೆರವಿಗೆ ಬಂದವರು ನಮ್ಮ ಹಿರಿಯ ಸದಸ್ಯರೊಬ್ಬರ ಮನೆಯವರು, ಮೂವತ್ತು ವರ್ಷ ನರ್ಸ್ ಆಗಿದ್ದವರು. ನಾವೆಲ್ಲ ಅಕ್ಕ ಅಂತಲೇ ಕರೆಯೋದು. ಅಕ್ಕ ನಮ್ಮನ್ನೆಲ್ಲ ಗೇಟಿನ ಆಚೆ ಕಳಿಸಿ, ಶಾಲೆಯ ಹಿಂದಿನ ಹಲಸಿನ ಮರದ ಕೆಳಗೆ ಹುಡುಗಿಯರ ಜೊತೆ ಒಂದೂವರೆ ಗಂಟೆ ಕೂತರು. ವಾಪಸ್ ಬಂದಾಗ ಅವರ ಕೈಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಇತ್ತು. ಮಕ್ಕಳೇ ಬರೆದಿದ್ದು. ಆ ಹಾಳೆ ಈಗಲೂ ನಮ್ಮ ಫೈಲಿನಲ್ಲಿದೆ.

ಅದರಲ್ಲಿ ಹೊಸ ಶೌಚಾಲಯ ಅನ್ನೋ ಮಾತೇ ಇರಲಿಲ್ಲ. ಇರುವ ಶೌಚಾಲಯದಲ್ಲಿ ನೀರಿಲ್ಲ ಅಂತಿತ್ತು. ಚಿಲಕ ಇಲ್ಲ ಅಂತಿತ್ತು. ಬಾಗಿಲಿನ ಕೆಳಗೆ ಕೊಳೆತು ಹೋಗಿದೆ, ಬಟ್ಟೆ ನೇತು ಹಾಕೋಕೆ ಒಂದು ಮೊಳೆ ಬೇಕು, ಮುಚ್ಚಳ ಇರೋ ಕಸದ ಡಬ್ಬ ಬೇಕು. ಅಷ್ಟೇ. ಹುಡುಗಿಯರು ಯಾವಾಗಲೂ ಇಬ್ಬಿಬ್ಬರೇ ಹೋಗೋದಂತೆ. ಒಬ್ಬಳು ಒಳಗೆ, ಇನ್ನೊಬ್ಬಳು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲೋದು. ಗಾಳಿ ಮಳೆ ಇದ್ದಾಗ ಕಾಲು ಒತ್ತಿ ಹಿಡಿಯಬೇಕಂತೆ. ಬಾವಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತರಬೇಕು. ಅಷ್ಟೆಲ್ಲ ಯಾಕೆ ಅಂತ ಬೆಳಗ್ಗೆ ಮನೆ ಬಿಟ್ಟ ಮೇಲೆ ಸಂಜೆ ಮನೆ ಸೇರುವವರೆಗೆ ನೀರೇ ಕುಡಿಯದ ಮಕ್ಕಳು ಇದ್ದರು. ಅಕ್ಕ ಇದನ್ನು ಹೇಳುವಾಗ ನಾವ್ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಮ್ಮ ಕಲ್ಲಿನ ರಾಶಿ ಅಲ್ಲೇ ಪಕ್ಕದಲ್ಲಿ ಬಿದ್ದಿತ್ತು.

ಎರಡನೇ ಅರ್ಜಿಯನ್ನು ಆ ಹಾಳೆ ಮುಂದಿಟ್ಟುಕೊಂಡೇ ಬರೆದೆವು. ಆ ಕಾಲಂನಲ್ಲಿ ಈ ಸಲ ಜಾಗ ಸಾಲಲಿಲ್ಲ. ಬಾವಿಗೆ ಒಂದು ಎಚ್‌ಪಿ ಮೋಟಾರು, ಸಾವಿರ ಲೀಟರಿನ ಟ್ಯಾಂಕು, ಪೈಪ್‌ಲೈನು, ಮೂರು ಪಿವಿಸಿ ಬಾಗಿಲು, ಚಿಲಕ, ಕೈ ತೊಳೆಯೋಕೆ ಆರು ನಲ್ಲಿಯ ಒಂದು ಕಟ್ಟೆ. ಒಟ್ಟು 1,84,000 ರೂಪಾಯಿ. ಗ್ರ್ಯಾಂಟಿನಿಂದ 90,000, ಕ್ಲಬ್ಬಿನಿಂದ 60,000, ಉಳಿದ 34,000 ಊರಿನವರು ಕೊಟ್ಟಿದ್ದು. ಮೊದಲಿನ ಕನಸಿನ ಕಟ್ಟಡಕ್ಕೆ ಹೋಲಿಸಿದರೆ ಮೂರನೇ ಒಂದು ಪಾಲೂ ಇಲ್ಲ. ಜಂಬಿಟ್ಟಿಗೆ ಕಲ್ಲು ದಂಡ ಆಗಲಿಲ್ಲ, ಆ ಕಟ್ಟೆಗೆ ಬಂತು. ಅದರ ದುಡ್ಡು ಮಾತ್ರ ಗ್ರ್ಯಾಂಟಿನ ಲೆಕ್ಕಕ್ಕೆ ಸೇರಿಸಲಿಲ್ಲ, ಸೇರಿಸೋ ಹಾಗೂ ಇರಲಿಲ್ಲ.

ಆ 90,000 ಎಲ್ಲಿಂದ ಬಂತು ಅನ್ನೋದನ್ನ ಇಲ್ಲಿ ಹೇಳಲೇಬೇಕು. ನಾವು ಸದಸ್ಯರು ವರ್ಷ ವರ್ಷ ರೋಟರಿ ಫೌಂಡೇಶನ್ ಅನ್ನೋ ರೋಟರಿಯ ದತ್ತಿ ಸಂಸ್ಥೆಯ ಆ್ಯನುಯಲ್ ಫಂಡಿಗೆ ಕೊಡುತ್ತೇವಲ್ಲ, ಅದನ್ನು ಮೂರು ವರ್ಷ ಹೂಡಿಕೆ ಮಾಡಿ ಇಡುತ್ತಾರೆ. ಮೂರು ವರ್ಷ ಆದ ಮೇಲೆ ಅದರಲ್ಲಿ ಸುಮಾರು ಅರ್ಧ ನಮ್ಮ ಡಿಸ್ಟ್ರಿಕ್ಟಿಗೇ ವಾಪಸ್ ಬರುತ್ತದೆ, ಇನ್ನರ್ಧ ಲೋಕಕ್ಕೆಲ್ಲ ಸೇರಿದ ನಿಧಿಗೆ. ಡಿಸ್ಟ್ರಿಕ್ಟಿಗೆ ಬಂದಿದ್ದರಲ್ಲಿ ಹೆಚ್ಚೆಂದರೆ ಅರ್ಧ ಇಂಥ ಸಣ್ಣ ಗ್ರ್ಯಾಂಟುಗಳಿಗೆ. ಅಂದರೆ ನಮಗೆ ಈ ವರ್ಷ ಬಂದ ದುಡ್ಡು ಮೂರು ವರ್ಷದ ಹಿಂದೆ ಯಾರೋ ಕೊಟ್ಟಿದ್ದು. ಆ ವರ್ಷದ ಪಟ್ಟಿ ತೆಗೆದು ನೋಡಿದೆ. ನಮ್ಮ ಕ್ಲಬ್ಬಿನಿಂದ ಕೊಟ್ಟವರಲ್ಲಿ ಒಬ್ಬರು ಈಗ ಇಲ್ಲ. ಪೋಸ್ಟ್ ಮಾಸ್ಟರ್ ಆಗಿ ರಿಟೈರ್ ಆದವರು. ಪೆನ್ಷನ್ ಬಂದ ದಿನ ಬಿಳಿ ಕವರಿನಲ್ಲಿ ದುಡ್ಡು ಹಾಕಿ, ಮೇಲೆ ಅಚ್ಚುಕಟ್ಟಾಗಿ ಮೊತ್ತ ಬರೆದು, ಖಜಾಂಚಿಯ ಮನೆಗೇ ತಂದು ಕೊಡುತ್ತಿದ್ದರು. ಇದು ಎಲ್ಲಿಗೆ ಹೋಗುತ್ತೆ ಅಂತ ನಾವು ಕೆಲವರು ಪ್ರಶ್ನೆ ಮಾಡುತ್ತಿದ್ದಾಗಲೂ ಅವರು ತಪ್ಪಿಸಿದವರಲ್ಲ. ಈಗ ಗೊತ್ತಾಯಿತು ಸಾರ್, ಆರು ಕಿಲೋಮೀಟರ್ ದೂರ ಹೋಯಿತು. ನಿಮಗೆ ಎದುರಿಗೇ ಹೇಳಬೇಕಿತ್ತು.

ಈ ಫೌಂಡೇಶನ್ ಶುರುವಾಗಿದ್ದೂ ಸಣ್ಣ ದುಡ್ಡಿನಿಂದಲೇ. 1917ರಲ್ಲಿ ಆಗಿನ ರೋಟರಿ ಅಧ್ಯಕ್ಷ ಆರ್ಚ್ ಕ್ಲಂಫ್ ಅನ್ನೋರು ಇಂಥದ್ದೊಂದು ನಿಧಿ ಬೇಕು ಅಂತ ಹೇಳಿದ ಮೇಲೆ ಮೊದಲು ಬಂದ ದೇಣಿಗೆ 26 ಡಾಲರ್ 50 ಸೆಂಟ್, ಅಮೆರಿಕದ ಕಾನ್ಸಾಸ್ ಸಿಟಿ ಕ್ಲಬ್ಬಿನಿಂದ. ಬಿಳಿ ಕವರು ನೆನಪಾದಾಗಲೆಲ್ಲ ನನಗೆ ಈ ಮೊತ್ತವೂ ನೆನಪಾಗುತ್ತದೆ.

ಲೆಕ್ಕದ ಕಡೆ ಬಂದರೆ ನಮ್ಮ ಖಜಾಂಚಿ ಅಣ್ಣನಿಗೆ ನಾನು ಎಷ್ಟು ಹೇಳಿದರೂ ಕಡಿಮೆ. ಗ್ರ್ಯಾಂಟ್ ಕೇಳೋದಕ್ಕೆ ಮೊದಲು ಕ್ಲಬ್ಬೇ ಅರ್ಹತೆ ಪಡೆಯಬೇಕು. ತರಬೇತಿಗೆ ಹೋಗಿ ಕೂರಬೇಕು, ಈ ವರ್ಷದ ಅಧ್ಯಕ್ಷರೂ ಮುಂದಿನ ವರ್ಷದ ಅಧ್ಯಕ್ಷರೂ ಒಪ್ಪಂದಕ್ಕೆ ಸಹಿ ಹಾಕಬೇಕು, ಹಣ ನಿಭಾಯಿಸೋಕೆ ಇಬ್ಬರ ಸಹಿ ಇರುವ ಖಾತೆ ಬೇಕು, ಕಾಗದಪತ್ರ ಎಲ್ಲ ಕಡಿಮೆ ಅಂದರೂ ಐದು ವರ್ಷ ಕಾಪಾಡಿ ಇಡಬೇಕು. ಅಣ್ಣ ತನ್ನ ತೋಟದ ಕೊಯ್ಲಿನ ಕಾಲದಲ್ಲೂ ಇದಕ್ಕೆ ಓಡಾಡಿದರು. ಗಾರೆ ಕೆಲಸದವರು ಬಿಲ್ಲು ಎಲ್ಲಿಂದ ಕೊಡುತ್ತಾರೆ? ಪ್ರತಿ ಶನಿವಾರ ವೋಚರ್ ಪುಸ್ತಕ ಹಿಡಿದು ಶಾಲೆಗೆ ಹೋಗಿ, ಕೂಲಿ ಬ್ಯಾಂಕಿಗೆ ಹಾಕಿದ್ದನ್ನು ತೋರಿಸಿ, ಒಬ್ಬೊಬ್ಬರ ಸಹಿ ಪಡೆದು ಬರುತ್ತಿದ್ದರು. ಮೂರು ರೂಪಾಯಿ ವ್ಯತ್ಯಾಸ ಬಂತು ಅಂತ ಒಂದು ರಾತ್ರಿ ಹನ್ನೊಂದು ಗಂಟೆಗೆ ನನಗೆ ಫೋನ್ ಮಾಡಿದ್ದೂ ಉಂಟು. ಆ ಮೂರು ರೂಪಾಯಿ ಸಿಕ್ಕಿದ ಮೇಲೆಯೇ ಮಲಗಿದ್ದು.

ಇನ್ನೊಬ್ಬರದ್ದು ಎಲ್ಲರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ನಮ್ಮ ಸದಸ್ಯರಲ್ಲಿ ಒಬ್ಬರದ್ದು ಹಾರ್ಡ್‌ವೇರ್ ಅಂಗಡಿ. ಅಸಲಿಗೇ ಕೊಡುತ್ತೇನೆ ಅಂತ ಮೊದಲು ಅವರೇ ಕೊಟೇಶನ್ ಕೊಟ್ಟಿದ್ದರು. ಆದರೆ ಗ್ರ್ಯಾಂಟಿನ ಸಮಿತಿಯಲ್ಲಿ ಅವರೂ ಇದ್ದರು. ತೀರ್ಮಾನ ಮಾಡುವವರೇ ಮಾರುವವರಾದರೆ ಅದು ತಪ್ಪಾಗುತ್ತದೆ, ಹಿತಾಸಕ್ತಿಯ ಪ್ರಶ್ನೆ ಬರುತ್ತದೆ. ನಾವು ಹೇಗಪ್ಪಾ ಹೇಳೋದು ಅಂತ ಒದ್ದಾಡುತ್ತಿದ್ದಾಗ, ಮೀಟಿಂಗಿನಲ್ಲಿ ಎದ್ದು ನಿಂತು "ನನ್ನ ಕೊಟೇಶನ್ ತೆಗೆದುಬಿಡಿ, ಬೇರೆ ಮೂರು ಕಡೆ ಕೇಳಿ" ಅಂದುಬಿಟ್ಟರು. ಅಲ್ಲಿಗೇ ನಿಲ್ಲಲಿಲ್ಲ. ಬೇರೆಯವರ ಅಂಗಡಿಯಿಂದ ಬಂದ ಪೈಪು, ನಲ್ಲಿಗಳ ಗುಣಮಟ್ಟ ಸರಿ ಇದೆಯಾ ಅಂತ ತಾವೇ ಬಂದು ಒಂದೊಂದನ್ನೂ ತಿರುಗಿಸಿ ನೋಡಿದರು. ವ್ಯಾಪಾರ ಬಿಟ್ಟುಕೊಟ್ಟು ಮೇಲೆ ಕೆಲಸವನ್ನೂ ಮಾಡಿಕೊಟ್ಟವರು ಅವರು.

ಕೆಲಸ ಮಾಡಲು ನಮಗೆ ಸಿಕ್ಕಿದ್ದು ಬೇಸಿಗೆ ರಜೆ ಮಾತ್ರ. ರೋಟರಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಅಷ್ಟರಲ್ಲಿ ಮಲೆನಾಡಿನಲ್ಲಿ ಮಳೆ ಹಿಡಿದಿರುತ್ತದೆ. ಮಳೆ ಹಿಡಿದರೆ ಗಾರೆ ಕೆಲಸ ಮುಗಿದ ಹಾಗೇ. ಏಪ್ರಿಲ್, ಮೇ ಎರಡೂ ತಿಂಗಳು ಎಚ್‌ಎಂ ಟೀಚರ್ ರಜೆಯಲ್ಲೂ ಬೀಗದ ಕೈ ಹಿಡಿದು ಬಂದರು. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಶಿಕ್ಷಣ ಇಲಾಖೆಯ ಬಿಇಒ ಆಫೀಸಿನ ಅನುಮತಿಗೆ ನಮ್ಮ ಜೊತೆ ಓಡಾಡಿದ್ದಲ್ಲದೆ, ಮುಂದೆ ಟ್ಯಾಂಕ್ ತೊಳೆಸೋದು, ಮೋಟಾರ್ ರಿಪೇರಿ ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಅಂತ ಬರೆದು ಸಹಿ ಹಾಕಿ ಕೊಟ್ಟರು. ಅರ್ಜಿಗೆ ಆ ಕಾಗದದ ಬಲ ದೊಡ್ಡದಿತ್ತು. ಬಿಸಿಯೂಟದ ಇಬ್ಬರು ಅಕ್ಕಂದಿರು ರಜೆಯಲ್ಲಿ ಬರಬೇಕಾದ್ದೇ ಇರಲಿಲ್ಲ. ಬಂದು ಕೆಲಸದವರಿಗೆ ದಿನಾ ಎರಡು ಹೊತ್ತು ಟೀ ಮಾಡಿಕೊಟ್ಟರು, ಬೆಲ್ಲ ಹಾಕಿದ ಟೀ. ಪ್ಲಂಬರ್ ತಮ್ಮ ಮೊದಲ ಮಳೆ ಬಂದ ದಿನ ಟ್ಯಾಂಕಿನ ಮೇಲೆ ಹತ್ತಿ ನೆನೆಯುತ್ತಲೇ ಜಾಯಿಂಟ್ ಬಿಗಿ ಮಾಡಿದ. ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳೋದು ಅಂತಲೇ ನನಗೆ ತಿಳಿಯುತ್ತಿಲ್ಲ.

ಬೇರೆ ಸಣ್ಣ ಕ್ಲಬ್ಬಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಲಯನ್ಸ್ ಇರಲಿ ಇನ್ಯಾವುದೇ ಇರಲಿ, ನಮ್ಮ ಫೈಲ್ ಬೇಕಿದ್ದರೆ ಕೇಳಿ. ತಿರಸ್ಕಾರ ಆದ ಅರ್ಜಿ, ಒಪ್ಪಿಗೆ ಆದ ಅರ್ಜಿ ಎರಡನ್ನೂ ಕೊಡುತ್ತೇನೆ. ಪಕ್ಕಪಕ್ಕ ಇಟ್ಟು ಓದಿ.

ಕೊನೆಗೆ ಆ ಹಾಳೆ ಬರೆದ ಹುಡುಗಿಯರು. ಅವರಲ್ಲಿ ಏಳನೇ ಕ್ಲಾಸಿನಲ್ಲಿದ್ದ ಐದು ಜನ ಪಾಸಾಗಿ ಈಗ ಪೇಟೆಯ ಹೈಸ್ಕೂಲಿಗೆ ಹೋಗುತ್ತಿದ್ದಾರೆ. ತಾವು ಕೇಳಿದ್ದು ಅವರಿಗೆ ಒಂದು ದಿನವೂ ಸಿಗಲಿಲ್ಲ, ತಂಗಿಯರಿಗೆ ಸಿಕ್ಕಿತು. ಇದು ನನಗೆ ತುಂಬ ನೋವು ಕೊಡೋ ವಿಷಯ. ನಾವು ಮೊದಲ ಸಲವೇ ಹೋಗಿ ಕೇಳಿದ್ದರೆ ಅವರೂ ಒಂದು ವರ್ಷ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಇರುತ್ತಿದ್ದರು. ಮೊನ್ನೆ ಶನಿವಾರ ಅಕ್ಕ ಅವರನ್ನು ಕರೆದುಕೊಂಡು ಬಂದಿದ್ದರು ನೋಡೋಕೆ. ನಲ್ಲಿ ತಿರುಗಿಸಿದರು, ಮೊಳೆ ಎಳೆದು ನೋಡಿದರು. ಒಬ್ಬಳು ಒಳಗೆ ಹೋಗಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿದಳು. ಹೊರಗೆ ಬಂದು ಅಕ್ಕನ ಕಿವಿಯಲ್ಲಿ ಏನೋ ಹೇಳಿದಳು. ಚಿಲಕ ಮೇಲಾಯಿತು, ಒಂದನೇ ಕ್ಲಾಸಿನ ಮಕ್ಕಳಿಗೆ ಎಟುಕಲ್ಲ ಅಂತ.

ಹೌದು, ಎಟುಕುತ್ತಿರಲಿಲ್ಲ. ಸೋಮವಾರ ಬೆಳಗ್ಗೆ ಶಾಲೆ ಶುರುವಾಗುವ ಮೊದಲೇ ಬಡಗಿ ಬಂದು ಮೂರೂ ಬಾಗಿಲಿಗೆ ಒಂದೊಂದು ಚಿಲಕ ಕೆಳಗೂ ಹಾಕಿಕೊಟ್ಟರು. ಗ್ರ್ಯಾಂಟಿನ ಲೆಕ್ಕ ಅಷ್ಟರಲ್ಲಿ ಮುಚ್ಚಿತ್ತು, ನಾನು ಜೇಬಿನಿಂದ ದುಡ್ಡು ತೆಗೆದರೆ ಅವರು ತಗೊಳ್ಳಲಿಲ್ಲ. ಚಿಲಕದ ದುಡ್ಡೂ ತಗೊಳ್ಳಲಿಲ್ಲ, ಕೂಲಿಯನ್ನೂ ತಗೊಳ್ಳಲಿಲ್ಲ. ಅವರ ಮಗಳು ಒಂದನೇ ಕ್ಲಾಸಿಗೆ ಈ ವರ್ಷ ಸೇರಿದ್ದಾಳಂತೆ.