ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಗುರುವಾರ ನಮ್ಮ ಸಿಸ್ಟರನ್ನು ನಮಗೆ ಬಿಡಿ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಮಲೆನಾಡಿನ ಹಳ್ಳಿಯಿಂದ ಬರೆಯುತ್ತಿದ್ದೇನೆ. ಗುಡ್ಡಗಾಡಿನಲ್ಲಿ 3,000 ಜನಕ್ಕೊಂದು ಆರೋಗ್ಯ ಉಪಕೇಂದ್ರ ಇರಬೇಕು ಎಂಬ ನಿಯಮ ನಿಮಗೆ ಗೊತ್ತೇ ಇದೆ. ನಮಗೂ ಒಂದಿದೆ. ಅದಕ್ಕೊಂದು ಬೀಗವೂ ಇದೆ, ಅಲ್ಲಿನ ನರ್ಸ್, ನಮ್ಮ ಸಿಸ್ಟರ್, ಜಿಲ್ಲಾ ಕೇಂದ್ರಕ್ಕೆ ಟ್ರೈನಿಂಗ್‌ಗೆ ಹೋದಾಗ ಹಾಕಲಿಕ್ಕೆ.

ಅವರು ಹೋಗದಿದ್ದರೆ ಟ್ರೈನಿಂಗೇ ಫೋನಿನಲ್ಲಿ ಬರುತ್ತದೆ. ಮೊನ್ನೆ ಗುರುವಾರ, ಲಸಿಕೆ ದಿನ, ಬಾಣಂತಿಯರು ಕೂಸುಗಳನ್ನು ಹೊದ್ದಿಸಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದರು. ಸಿಸ್ಟರ್ ಮಾತ್ರ ನೆಟ್‌ವರ್ಕ್ ಸಿಗುವ ರಸ್ತೆ ತಿರುವಿನಲ್ಲಿ, ಮಳೆಯಲ್ಲಿ, ಕೊಡೆ ಹಿಡಿದು ನಿಂತಿದ್ದರು. ಹುಟ್ಟಿದ ಮಗು ಉಸಿರಾಡದಿದ್ದರೆ ಏನು ಮಾಡಬೇಕು ಎಂಬ ಪಾಠವಂತೆ. ನಡುವೆಯೇ ವಿಡಿಯೋ ನಿಂತುಹೋಯಿತು. ಹಾಜರಾತಿಗೆ ಸ್ಕ್ರೀನ್‌ಶಾಟ್ ಕಳಿಸಿ ವಾಪಸ್ ಬಂದರು. ನಿಮ್ಮ ಲೆಕ್ಕದಲ್ಲಿ ಅವರು ಕಲಿತಾಯಿತು, ಅಲ್ವಾ?

ನಮ್ಮಮ್ಮನ ಬಿಪಿ ನೋಡುವಾಗ ಸ್ವೆಟರ್ ಮೇಲೆಯೇ ಪಟ್ಟಿ ಸುತ್ತಿದರು. ತುಂಬಾ ಜಾಸ್ತಿ ತೋರಿಸಿತು. ಗಾಬರಿಯಿಂದ ಜೀಪು ಮಾಡಿಸಿ ತಾಲ್ಲೂಕು ಆಸ್ಪತ್ರೆಗೆ ಓಡಿದೆವು. ಅಲ್ಲಿ ಸ್ವೆಟರ್ ತೆಗೆಸಿ, ಐದು ನಿಮಿಷ ಸುಮ್ನೆ ಕೂರಿಸಿ ನೋಡಿದರೆ ಬಿಪಿ ಸರಿಯಾಗೇ ಇದೆ! ಬಾಡಿಗೆ ದುಡ್ಡು ಹೋಗಲಿ ಬಿಡಿ, ಅಮ್ಮ ಈಗ ಬಿಪಿ ಮೆಷಿನ್ ಕಂಡರೇ ಹೆದರುತ್ತಾರೆ. ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಪಕ್ಕದಲ್ಲಿ ನಿಂತು "ಹಾಗಲ್ಲ, ಹೀಗೆ" ಅನ್ನುವವರು ಅವರಿಗೆ ಸಿಕ್ಕೇ ಇಲ್ಲ.

ಕೈಯಿಂದ ಮಾಡುವ ಕೆಲಸವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಎದುರಿಗೆ ಕೂರಿಸಿ ಕಲಿಸಿ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡಿದರೆ ಅಪಾಯ ಅಂತ ಫೋನಿನಲ್ಲಿ ಓದಬಹುದು. ಎಣಿಸುವುದನ್ನು ಕೂಸಿನ ಎದೆ ನೋಡಿಯೇ ಕಲಿಯಬೇಕು. ಊರಿಗೆ ಬಂದಮೇಲೆ ಏಳುವ ಅನುಮಾನಗಳನ್ನು ಆನ್‌ಲೈನ್‌ನಲ್ಲಿ ಡಾಕ್ಟರ ಹತ್ತಿರ ಕೇಳಲಿ. ನಿಮ್ಹಾನ್ಸ್‌ನವರು ದೂರದೂರಿನ ವೈದ್ಯರ ಜೊತೆ ಒಂದೊಂದೇ ಕೇಸು ಇಟ್ಟುಕೊಂಡು ಹೀಗೆ ಮಾತಾಡುತ್ತಾ ವರ್ಷಗಳಿಂದ ತರಬೇತಿ ಕೊಡುತ್ತಿದ್ದಾರೆ. ವಿಧಾನಸೌಧದಿಂದ ಏನು ದೂರ? ಒಮ್ಮೆ ನೋಡಿ ಬನ್ನಿ.

ಎರಡೂ ಬೇಕು. ಗುರುವಾರ ಮಾತ್ರ ಬೇಡ. ಬೇರೆ ದಿನ ಕರೆಸಿಕೊಂಡರೂ ಬದಲಿಗೆ ಒಬ್ಬರನ್ನು ಕಳಿಸಿ. ಇದನ್ನೇ ಅರ್ಜಿಯಲ್ಲಿ ಬರೆದಾಗ "ಸೂಕ್ತ ಕ್ರಮಕ್ಕೆ ರವಾನಿಸಲಾಗಿದೆ" ಎಂಬ ಉತ್ತರ ಬಂತು. ಆ ಅರ್ಜಿಗೂ ನೆಟ್‌ವರ್ಕ್ ಸಿಕ್ಕಿಲ್ಲವೇನೋ! ಅದಕ್ಕೇ ಎಲ್ಲರ ಎದುರು ಮತ್ತೆ ಕೇಳುತ್ತಿದ್ದೇನೆ: ಕೈಕೆಲಸ ಎದುರಿಗೇ ಕಲಿಸಿ, ಅನುಮಾನ ಫೋನಿನಲ್ಲಿ ಬಗೆಹರಿಸಿ, ಗುರುವಾರ ನಮ್ಮ ಸಿಸ್ಟರನ್ನು ನಮಗೆ ಬಿಡಿ. ಆದೇಶ ಯಾವಾಗ ಹೊರಡಿಸುತ್ತೀರಿ?

ಇಂತಿ,
ಮಲೆನಾಡಿನ ಒಬ್ಬ ಮತದಾರ